ಅಕ್ವೇರಿಯಂನಲ್ಲಿ ಕಂಡ ಅಪರಿಚಿತ ಮೀನನ್ನು ಗುರುತಿಸುವ ಬಗೆ

ರಜೆ ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿ, ಪುಣೆಗಳ ಕನ್ನಡಿಗರಿಂದ ನನಗೆ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಮಕ್ಕಳನ್ನು ಮತ್ಸ್ಯಾಲಯಕ್ಕೋ, ಮೈದಾನದಲ್ಲಿ ಹಾಕಿದ ಸುರಂಗ ಅಕ್ವೇರಿಯಂ ಪ್ರದರ್ಶನಕ್ಕೋ ಕರೆದುಕೊಂಡು ಹೋಗಿರುತ್ತಾರೆ. ಒಂದು ಮೀನು ಕಣ್ಣು ಸೆಳೆದಿರುತ್ತದೆ. ತೊಟ್ಟಿಯ ಮೇಲೆ ಹೆಸರಿರುವುದಿಲ್ಲ, ಇದ್ದರೂ ಒಳಗಿನ ಮೀನಿಗೆ ಹೊಂದುವುದಿಲ್ಲ. ನೀಲಿ ಬೆಳಕಿನಲ್ಲಿ ತೆಗೆದ ಮಸುಕು ಚಿತ್ರವೊಂದನ್ನು ಕಳಿಸಿ, 'ಇದು ಯಾವ ಮೀನು? ಹಳದಿ ಬಣ್ಣ, ಕಪ್ಪು ಪಟ್ಟೆ' ಎಂದು ಕೇಳುತ್ತಾರೆ.

ಹಳದಿ ಬಣ್ಣ, ಕಪ್ಪು ಪಟ್ಟೆಯ ಮೀನುಗಳು ನೂರಾರು ಇವೆ. ಹೆಸರು ಹೇಳಲು ಬೇಕಾಗುವುದು ಬೇರೆಯೇ ಮಾಹಿತಿ: ಬಾಯಿ ಎತ್ತ ತಿರುಗಿದೆ, ಬೆನ್ನಿನ ಮೇಲೆ ಈಜುರೆಕ್ಕೆ ಒಂದಿದೆಯೋ ಎರಡಿವೆಯೋ, ಬಾಲದ ಅಂಚು ಹೇಗಿದೆ, ಮೀಸೆ ಇದೆಯೇ, ಆ ನೀರು ಸಿಹಿಯೋ ಉಪ್ಪೋ. ಇಷ್ಟನ್ನು ಸ್ಥಳದಲ್ಲೇ ನೋಡಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ. ಮನೆಗೆ ಬಂದ ಮೇಲೆ ನೆನಪಿನಿಂದ ಇವನ್ನು ಹೆಕ್ಕಿ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಹೋಗುವ ಮುನ್ನವೇ ಇದನ್ನು ಒಮ್ಮೆ ಓದಿಕೊಳ್ಳಿ.

ಜೊತೆಗೆ ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಒಂದು ಮೊಬೈಲ್, ಚಿಕ್ಕ ಪುಸ್ತಕ, ಪೆನ್ಸಿಲ್, ಗಾಜಿನ ಮೇಲಿನ ಬೆರಳ ಗುರುತು ಒರೆಸಲು ಮೆತ್ತನೆಯ ಬಟ್ಟೆ. ಕಪ್ಪು ಅಂಗಿ ಅಥವಾ ಕಪ್ಪು ಶಾಲು ಇದ್ದರೆ ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಮೂಡುವುದು ಕಡಿಮೆಯಾಗುತ್ತದೆ. ಹೊರಡುವ ಮುನ್ನ ಪ್ರದರ್ಶನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಮರೀನ್ ಡ್ರೈವ್‌ನ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾದದ್ದು 1951ರಲ್ಲಿ. ನವೀಕರಣಗೊಂಡು, ಅಕ್ರಿಲಿಕ್ ಸುರಂಗದೊಂದಿಗೆ 2015ರಲ್ಲಿ ಮತ್ತೆ ತೆರೆಯಿತು. ಆದರೆ ಈಚಿನ ವರ್ಷಗಳಲ್ಲಿ ಬಹುಕಾಲ ಮುಚ್ಚಿಯೇ ಇದೆ. ಹಳೆಯ ನೆನಪಿನಿಂದ ಚರ್ನಿ ರೋಡ್ ನಿಲ್ದಾಣದಲ್ಲಿ ಇಳಿದು ನಿರಾಶರಾಗಬೇಡಿ.

1. ಮೀನಿಗಿಂತ ಮೊದಲು ತೊಟ್ಟಿಯನ್ನು ನೋಡಿ

ಮೊಬೈಲ್ ಹೊರತೆಗೆಯುವ ಮುನ್ನ ಒಂದು ನಿಮಿಷ ಸುಮ್ಮನೆ ನಿಲ್ಲಿ. ತೊಟ್ಟಿಯಲ್ಲಿ ಹವಳ, ಸಮುದ್ರ ಹೂವು, ಬಿಳಿ ಮರಳು, ನೀಲಿ ಬೆಳಕು ಇದ್ದರೆ ಅದು ಬಹುಮಟ್ಟಿಗೆ ಉಪ್ಪುನೀರು. ಹಸಿರು ಗಿಡಗಳು, ಮರದ ಬೊಡ್ಡೆ, ನದಿಯ ಉರುಟು ಕಲ್ಲುಗಳಿದ್ದರೆ ಸಿಹಿನೀರು. ಹವಳವೆಂದು ಕಾಣುವುದು ಪ್ಲಾಸ್ಟಿಕ್ಕಿನದೂ ಆಗಿರಬಹುದು. ಹಾಗಾಗಿ ಜೊತೆಗಿರುವ ಮೀನುಗಳನ್ನೂ ಗಮನಿಸಿ. ನಿಮಗೆ ಗೊತ್ತಿರುವ ಗೋಲ್ಡ್ ಫಿಶ್ ಅದೇ ತೊಟ್ಟಿಯಲ್ಲಿದ್ದರೆ ಪಕ್ಕದ ಅಪರಿಚಿತ ಮೀನೂ ಸಿಹಿನೀರಿನದೇ. ಸಮುದ್ರದ ಮೀನಿಗೆ ಆ ನೀರಿನಲ್ಲಿ ಬದುಕಿಲ್ಲ. ಈ ಒಂದು ತೀರ್ಮಾನದಿಂದಲೇ ಸಾಧ್ಯತೆಗಳ ಪಟ್ಟಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲೋಕದಲ್ಲಿ ಈವರೆಗೆ ಹೆಸರಿಟ್ಟ ಮೀನಿನ ಪ್ರಭೇದಗಳು 35 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಸಿಹಿನೀರಿನವು, ಸಮುದ್ರದವು ಸುಮಾರಾಗಿ ಸರಿಸಮ.

ಫಲಕವನ್ನು ಓದಿ, ಅದರ ಚಿತ್ರವನ್ನೂ ತೆಗೆದುಕೊಳ್ಳಿ. ಆದರೆ ಅದನ್ನೇ ಕೊನೆಯ ಮಾತೆಂದು ನಂಬಬೇಡಿ. ಮೀನುಗಳನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ, ಫಲಕ ಇದ್ದಲ್ಲೇ ಉಳಿಯುತ್ತದೆ. ಇನ್ನು ವ್ಯಾಪಾರದ ಹೆಸರುಗಳ ತೊಂದರೆ ಬೇರೆ. 'ಶಾರ್ಕ್' ಎಂಬ ಫಲಕದ ಹಿಂದೆ ಸಿಹಿನೀರಿನಲ್ಲಿ ಬೂದು ಬಣ್ಣದ, ಸದಾ ಅತ್ತಿಂದಿತ್ತ ಓಡಾಡುವ ಮೀನು ಕಂಡರೆ ಅದು ಶಾರ್ಕ್ ಅಲ್ಲವೇ ಅಲ್ಲ. ಅದು ಪಂಗಾಸಿಯನೊಡಾನ್ ಹೈಪೊಫ್ತಾಲ್ಮಸ್, ಹೋಟೆಲುಗಳಲ್ಲಿ ಬಾಸಾ ಎಂದು ಬಡಿಸುವ ಮೀಸೆ ಮೀನು. ಬೆಳ್ಳಿ ಮೈ, ಕಪ್ಪು ಅಂಚಿನ ಈಜುರೆಕ್ಕೆಗಳಿರುವ 'ಸಿಲ್ವರ್ ಶಾರ್ಕ್' ನಮ್ಮ ರೋಹುವಿನ ಬಳಗದ್ದು. 'ಏಂಜಲ್' ಎಂದು ಬರೆದಿರುವುದು ಸಿಹಿನೀರಿನಲ್ಲಿದ್ದರೆ ದಕ್ಷಿಣ ಅಮೆರಿಕದ ಸಿಕ್ಲಿಡ್ ಕುಟುಂಬದ ಮೀನು, ಉಪ್ಪುನೀರಿನಲ್ಲಿದ್ದರೆ ಹವಳದ ದಿಬ್ಬದ ಬೇರೆಯೇ ಕುಟುಂಬ. ಇವೆರಡಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ.

2. ಕೆಲಸಗಾರರನ್ನು ಕೇಳಿ

ನಾಚಿಕೆ ಬೇಡ. ತೊಟ್ಟಿ ತೊಳೆಯುವವರಿಗೆ, ಮೇವು ಹಾಕುವವರಿಗೆ ಮೀನು ಎಲ್ಲಿಂದ ಬಂತೆಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. 'ಹಾ ಮಾಸಾ ಕುಠೂನ್ ಆಣಲಾ?' ಎಂದು ಮರಾಠಿಯಲ್ಲಿ ಕೇಳಿದರೆ ಎಲ್ಲಿಂದ ತಂದದ್ದೆಂದು ಹೇಳುತ್ತಾರೆ. 'ಗೋಡ್ಯಾ ಪಾಣ್ಯಾತಲಾ ಕೀ ಖಾರ್‍ಯಾ ಪಾಣ್ಯಾತಲಾ?' ಎಂದರೆ ಸಿಹಿನೀರಿನದೋ ಉಪ್ಪುನೀರಿನದೋ ತಿಳಿಯುತ್ತದೆ. ಮೇವು ಹಾಕುವ ಹೊತ್ತನ್ನೂ ಕೇಳಿಟ್ಟುಕೊಳ್ಳಿ, ಅದು ಮುಂದಿನ ಹಂತಕ್ಕೆ ಬೇಕು. ಅವರು ಹೇಳುವ ಹೆಸರನ್ನು ಬರೆದುಕೊಳ್ಳಿ, ಪಕ್ಕದಲ್ಲಿ 'ಕೇಳಿದ್ದು' ಎಂದು ಗುರುತು ಹಾಕಿ. ನೋಡಿದ್ದೂ ಕೇಳಿದ್ದೂ ಬೆರೆತುಹೋದರೆ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

3. ಉಪಯೋಗಕ್ಕೆ ಬರುವ ಚಿತ್ರ ತೆಗೆಯಿರಿ

ಫ್ಲ್ಯಾಶ್ ಆರಿಸಿ. ಅದು ಗಾಜಿಗೆ ಬಡಿದು ಹಿಂದಿರುಗಿ ಚಿತ್ರದ ನಡುವೆ ಬಿಳಿ ಮಚ್ಚೆಯಾಗುತ್ತದೆ, ಮೀನಿಗೂ ಹಿಂಸೆ. ರಾತ್ರಿ ಚಿತ್ರಗಳಿಗೆಂದು ಮೊಬೈಲಿನಲ್ಲಿರುವ ನೈಟ್ ಮೋಡ್ ಅನ್ನೂ ತೆಗೆದುಬಿಡಿ. ಅದು ಬೆಳಕನ್ನು ಹೆಚ್ಚು ಹೊತ್ತು ಹೀರುವುದರಿಂದ ಚಲಿಸುವ ಮೀನು ಮಬ್ಬಾಗುತ್ತದೆ. ಗಾಜನ್ನು ಒರೆಸಿ, ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ದಪ್ಪ ಗಾಜು ಚಿತ್ರವನ್ನು ಕದಡುತ್ತದೆ, ಅಂಚುಗಳಲ್ಲಿ ಬಣ್ಣದ ಎಳೆಗಳು ಏಳುತ್ತವೆ.

ಓಡಾಡುವ ಮೀನಾದರೆ ಫೋಟೊಗಿಂತ ವಿಡಿಯೊ ಒಳ್ಳೆಯದು. ಅರ್ಧ ನಿಮಿಷದ ವಿಡಿಯೊ ತೆಗೆದು, ಮೀನು ಪಕ್ಕಕ್ಕೆ ತಿರುಗಿ ಈಜುರೆಕ್ಕೆ ಬಿಚ್ಚಿದ ಕ್ಷಣವನ್ನು ಆಮೇಲೆ ಆರಿಸಿಕೊಳ್ಳಬಹುದು. ಬೆನ್ನಿನ ಈಜುರೆಕ್ಕೆಯನ್ನು ಮೀನು ಸದಾ ಬಿಚ್ಚಿಟ್ಟಿರುವುದಿಲ್ಲ. ಗಕ್ಕನೆ ತಿರುಗುವಾಗ, ಇನ್ನೊಂದು ಮೀನಿಗೆ ಎದುರಾದಾಗ, ಮೇವಿಗೆ ನುಗ್ಗುವಾಗ ನಿಮಿರಿಸುತ್ತದೆ. ಮೇವಿನ ಹೊತ್ತಿಗೆ ಅಲ್ಲಿರಿ ಎಂದದ್ದು ಇದಕ್ಕಾಗಿ. ಈಜುರೆಕ್ಕೆ ಬಿಚ್ಚಲಿ ಎಂದು ಗಾಜು ಬಡಿಯಬೇಡಿ, ಮಕ್ಕಳಿಗೂ ಬಡಿಯಲು ಬಿಡಬೇಡಿ. ನೀರಿನಲ್ಲಿ ಆ ಸದ್ದು ಜೋರಾಗಿಯೇ ತಲುಪುತ್ತದೆ. ಬೆದರಿದ ಮೀನು ಈಜುರೆಕ್ಕೆ ಮಡಚಿಕೊಂಡು ಕಲ್ಲಿನ ಹಿಂದೆ ಸೇರುತ್ತದೆ, ನಿಮಗೂ ನಷ್ಟ.

ಕನಿಷ್ಠ ಮೂರು ಬಗೆಯ ಚಿತ್ರ ಬೇಕು: ಪೂರ್ತಿ ಮೈ ಪಕ್ಕದಿಂದ, ಬಾಯಿ ಮತ್ತು ಕೆನ್ನೆ ಹತ್ತಿರದಿಂದ, ಬಾಲದ ಬುಡದಿಂದ ಬಾಲದ ತುದಿಯವರೆಗೆ. ಸುರಂಗದೊಳಗೆ ನಿಂತಿದ್ದರೆ ನಾಲ್ಕನೆಯದಾಗಿ ಹೊಟ್ಟೆಯ ಚಿತ್ರವನ್ನೂ ತೆಗೆಯಿರಿ. ತಲೆಯ ಮೇಲೆ ಹಾದುಹೋಗುವ ಮೀನಿನ ಅಡಿಭಾಗ ನೋಡಲು ಸಿಗುವ ಅವಕಾಶ ಬೇರೆಡೆ ಸಿಗದು. ಶಾರ್ಕ್‌ನಂತೆ ಈಜುವ ಉದ್ದ ಮೂತಿಯ ಮೀನೊಂದರ ಕಿವಿರು ಸೀಳುಗಳು ಕತ್ತಿನ ಪಕ್ಕದಲ್ಲಿದ್ದರೆ ಅದು ಶಾರ್ಕ್. ಸೀಳುಗಳು ಹೊಟ್ಟೆಯ ಕಡೆಗಿದ್ದರೆ ನೋಟ ಹೇಗೇ ಇರಲಿ, ಅದು ತೊರಕೆಯ (ರೇ ಮೀನಿನ) ಬಳಗ. ಗಿಟಾರ್ ಮೀನು ಎಂದು ಕರೆಯುವುದು ಇಂಥದ್ದನ್ನೇ.

ಅಳತೆಯ ವಿಷಯದಲ್ಲಿ ಎಚ್ಚರ. ಚಪ್ಪಟೆ ಗಾಜಿನ ಹಿಂದಿನ ನೀರಿನಲ್ಲಿ ಮೀನು ಇರುವುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ. ಈ ಹಿಗ್ಗುವಿಕೆ ಮೂರನೇ ಒಂದು ಭಾಗದವರೆಗೂ ಇರಬಹುದು. ಸುರಂಗದ ಬಾಗಿದ ಅಕ್ರಿಲಿಕ್ ಮೈಯ ಅನುಪಾತವನ್ನೇ ಕೆಡಿಸುತ್ತದೆ. ಹಾಗಾಗಿ 'ಎರಡಡಿ ಇತ್ತು' ಎನ್ನುವುದಕ್ಕಿಂತ 'ಪಕ್ಕದಲ್ಲಿದ್ದ ಆಸ್ಕರ್ ಮೀನಿನ ಎರಡರಷ್ಟು ಉದ್ದ' ಎನ್ನುವುದು ಹೆಚ್ಚು ಉಪಯುಕ್ತ.

4. ಮೈಕಟ್ಟು ನೋಡಿ: ಬಾಯಿ, ಈಜುರೆಕ್ಕೆ, ಬಾಲ, ಮೀಸೆ

ಇದೇ ಮುಖ್ಯ ಹಂತ. ಇದಕ್ಕೆ ತಾಲೀಮು ನಡೆಸಲು ಮೀನು ಮಾರುಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ದಾದರ್, ಸಿಟಿಲೈಟ್, ವರ್ಸೋವಾ ಎಲ್ಲಿಯಾದರೂ ಸರಿ. ಮನೆಗೆ ತಂದ ಒಂದು ಬಂಗುಡೆಯನ್ನು ಕೊಯ್ಯುವ ಮುನ್ನ ತಟ್ಟೆಯಲ್ಲಿಟ್ಟು ನೋಡಿ. ಬೆನ್ನಿನ ಗೀರಿನಲ್ಲಿ ಮಡಚಿಕೊಂಡಿರುವ ಮೊದಲ ಈಜುರೆಕ್ಕೆಯನ್ನು ಸೂಜಿಯ ತುದಿಯಿಂದ ಮೇಲೆತ್ತಿ. ಚುಚ್ಚುವಂತಹ ಗಟ್ಟಿ ಕಡ್ಡಿಗಳು ಒಂದೊಂದಾಗಿ ಏಳುತ್ತವೆ, ನಡುವೆ ತೆಳು ಪೊರೆ ಹಿಗ್ಗುತ್ತದೆ. ಇವು ಮುಳ್ಳುಗಳು. ತುಸು ಹಿಂದೆ ಇರುವ ಎರಡನೆಯ ಈಜುರೆಕ್ಕೆಯ ಕಡ್ಡಿಗಳು ಬಾಗುತ್ತವೆ, ತುದಿಯಲ್ಲಿ ಕವಲೊಡೆದಿರುತ್ತವೆ. ಇವು ಮೃದು ಕಡ್ಡಿಗಳು. ಅದರ ಹಿಂದೆ ಬಾಲದವರೆಗೆ ಐದು ಪುಟ್ಟ ಈಜುರೆಕ್ಕೆಗಳು ಬಿಡಿಬಿಡಿಯಾಗಿ ನಿಂತಿವೆ. ಮೈಯ ಕೆಳಬದಿಯಲ್ಲೂ ಅಷ್ಟೇ ಇವೆ. ಇಂಥ ಕಿರು ಈಜುರೆಕ್ಕೆಗಳು ಅಂಜಲ್ (ಸುರಮಯಿ), ಕೇದರ (ಟ್ಯೂನಾ) ಮೀನುಗಳಲ್ಲೂ ಇರುತ್ತವೆ. ಅಕ್ವೇರಿಯಂನಲ್ಲಿ ಇವು ಕಂಡರೆ ನೀವು ನೋಡುತ್ತಿರುವುದು ಬಂಗುಡೆಯ ಕುಟುಂಬದ ಹತ್ತಿರದ ಮೀನನ್ನೇ ಎಂದು ಮೊದಲ ಊಹೆ ಮಾಡಬಹುದು.

ಮುಳ್ಳೆಷ್ಟು, ಮೃದು ಕಡ್ಡಿಯೆಷ್ಟು ಎಂಬ ಲೆಕ್ಕವೇ ಎಷ್ಟೋ ಪ್ರಭೇದಗಳನ್ನು ಬೇರ್ಪಡಿಸುವ ಗುರುತು. ಮಕ್ಕಳು ಮೊದಲು ಗುರುತಿಸುವ, ಕಿತ್ತಳೆ ಮೈಯ ಮೂರು ಬಿಳಿ ಪಟ್ಟೆಯ ಕ್ಲೌನ್ ಮೀನನ್ನೇ ತೆಗೆದುಕೊಳ್ಳಿ. ಆಂಫಿಪ್ರಿಯಾನ್ ಆಸೆಲ್ಲಾರಿಸ್ ಮತ್ತು ಆಂಫಿಪ್ರಿಯಾನ್ ಪರ್ಕ್ಯುಲಾ ಬಹಳ ಹೋಲುತ್ತವೆ. ಮೊದಲನೆಯದಕ್ಕೆ ಬೆನ್ನಿನ ಮುಳ್ಳುಗಳು ಸಾಮಾನ್ಯವಾಗಿ 11, ಎರಡನೆಯದಕ್ಕೆ 10. ಬಿಳಿ ಪಟ್ಟೆಯ ಸುತ್ತ ಕಪ್ಪು ಅಂಚು ಪರ್ಕ್ಯುಲಾದಲ್ಲಿ ದಪ್ಪ ಎನ್ನುತ್ತಾರೆ. ಹೌದು, ಆದರೆ ಆ ದಪ್ಪ ಒಂದೊಂದು ಮೀನಿನಲ್ಲೂ ಬದಲಾಗುತ್ತದೆ. ಸಾಕಣೆ ಕೇಂದ್ರಗಳಲ್ಲಿ ಬಣ್ಣಕ್ಕಾಗಿಯೇ ಆರಿಸಿ ಬೆಳೆಸಿದ ಮರಿಗಳಲ್ಲಂತೂ ಅಂಚಿನ ಲೆಕ್ಕ ನಿಲ್ಲುವುದಿಲ್ಲ.

ಬಾಯಿ. ಮಾರುಕಟ್ಟೆಯಲ್ಲಿ ರೋಹು ಮತ್ತು ಕಟ್ಲಾ ಪಕ್ಕಪಕ್ಕ ಸಿಕ್ಕರೆ ನೋಡಿ. ಕಟ್ಲಾದ ತಲೆ ದಪ್ಪ, ಬಾಯಿ ಮೇಲ್ಮುಖ. ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುವ ಮೀನು ಅದು. ರೋಹುವಿನ ಬಾಯಿ ತುಸು ಕೆಳಕ್ಕಿದೆ, ತುಟಿಯಂಚು ಝಾಲರಿಯಂತಿದೆ. ಮೇಲ್ಮುಖದ ಬಾಯಿ, ನೇರ ಬಾಯಿ, ಕೆಳಮುಖದ ಬಾಯಿ ಎಂಬ ಈ ಮೂರನ್ನು ಬರೆದುಕೊಂಡರೆ ಮೀನು ಎಲ್ಲಿ ಮೇಯುತ್ತದೆ ಎಂಬುದೂ ತಿಳಿಯುತ್ತದೆ, ಹೋಲುವ ಮೀನುಗಳೂ ಬೇರೆಯಾಗುತ್ತವೆ. ಹವಳದ ತೊಟ್ಟಿಗಳಲ್ಲಿ ಇತರ ಮೀನುಗಳ ಮೈಯಿಂದ ಪರಾವಲಂಬಿಗಳನ್ನು ಕಿತ್ತು ತಿನ್ನುವ ಪುಟ್ಟ ನೀಲಿ ಮೀನಿದೆ, ಮೂತಿಯಿಂದ ಬಾಲಕ್ಕೆ ಕಪ್ಪು ಪಟ್ಟೆ. ಅದು ಲ್ಯಾಬ್ರಾಯ್ಡಿಸ್ ಡಿಮಿಡಿಯಾಟಸ್. ಅದೇ ವೇಷದಲ್ಲಿ ಹತ್ತಿರ ಬಂದು ಇತರ ಮೀನುಗಳ ಈಜುರೆಕ್ಕೆಯನ್ನು ಕಚ್ಚಿ ಓಡುವ ಆಸ್ಪಿಡಾಂಟಸ್ ಟೀನಿಯಾಟಸ್ ಎಂಬ ಇನ್ನೊಂದಿದೆ. ಬಣ್ಣ, ಪಟ್ಟೆ ಹೆಚ್ಚು ಕಡಿಮೆ ಒಂದೇ. ಮೊದಲನೆಯದರ ಬಾಯಿ ಮೂತಿಯ ತುದಿಯಲ್ಲಿ, ಎರಡನೆಯದರ ಬಾಯಿ ಮೂತಿಯ ಕೆಳಗೆ. ಇದನ್ನು ಗಾಜಿನ ಹೊರಗಿನಿಂದ ಸ್ಪಷ್ಟವಾಗಿ ನೋಡಬಹುದು, ಮಕ್ಕಳಿಗೆ ತೋರಿಸಲೂ ಬಹಳ ಚೆನ್ನ.

ಹಲ್ಲು ಕಾಣಿಸಿದರೆ ಬಿಡಬೇಡಿ. 'ಪಿರಾನಾ' ಎಂಬ ಫಲಕ ಕಂಡ ಕಡೆಯೆಲ್ಲ ಇದನ್ನು ನೋಡಲೇಬೇಕು. ಕೆಂಪು ಹೊಟ್ಟೆಯ ಪಾಕು, ಅಂದರೆ ಪಿಯಾರಾಕ್ಟಸ್ ಬ್ರಾಕಿಪೋಮಸ್, ನಮ್ಮ ಮಾರುಕಟ್ಟೆಗಳಲ್ಲಿ ರೂಪಚಂದ್ ಎಂದು ಮಾರಾಟವಾಗುವ ಸಾಕಣೆ ಮೀನು. ಅದರ ಮರಿಗಳು ಪಿರಾನಾವನ್ನೇ ಹೋಲುತ್ತವೆ, ಪಿರಾನಾ ಎಂಬ ಹೆಸರಿನಲ್ಲೇ ತೊಟ್ಟಿ ಸೇರುತ್ತವೆ. ಪಿರಾನಾದ ಕೆಳದವಡೆ ಮುಂದಕ್ಕೆ ಚಾಚಿದೆ, ಮುಖ ಮೊಂಡು, ಹಲ್ಲುಗಳು ತ್ರಿಕೋನದ ಗರಗಸ. ಪಾಕುವಿನ ಹಲ್ಲುಗಳು ಕಾಯಿ, ಬೀಜ ಅರೆಯಲು ತಕ್ಕಂತೆ ಚಪ್ಪಟೆ, ಮನುಷ್ಯರ ಹಲ್ಲನ್ನೇ ನೆನಪಿಸುತ್ತವೆ. ಎರಡಡಿಯ ಹತ್ತಿರ ಬೆಳೆದ 'ಪಿರಾನಾ' ಕಂಡರೆ ಅದು ಪಾಕು ಎಂದೇ ತಿಳಿಯಿರಿ. ಹೀಗೆ ಸುಳ್ಳು ಹೆಸರಿನಲ್ಲಿ ಮೀನನ್ನು ತೋರಿಸಿ ಮಕ್ಕಳನ್ನು ಹೆದರಿಸುವುದು ನನಗೆ ಸರಿಯೆನಿಸುವುದಿಲ್ಲ. ಸಾಧುವಾದ ಆ ಮೀನಿಗೂ ಅದರದೇ ಆದ ಕಥೆಯಿದೆ.

ಕೊಬ್ಬಿನ ಈಜುರೆಕ್ಕೆ. ಬೆನ್ನಿನ ಈಜುರೆಕ್ಕೆ ಮತ್ತು ಬಾಲದ ನಡುವೆ ಕಡ್ಡಿಗಳಿಲ್ಲದ, ಮೆತ್ತನೆಯ ಪುಟ್ಟ ತುಣುಕೊಂದು ಕಂಡರೆ ಅದನ್ನು ಹೀಗೆ ಕರೆಯುತ್ತಾರೆ. ಹಲವು ಮೀಸೆ ಮೀನುಗಳಲ್ಲಿ, ಟೆಟ್ರಾಗಳಲ್ಲಿ, ಪಿರಾನಾ ಮತ್ತು ಪಾಕುಗಳಲ್ಲಿ ಇದಿದೆ. ರೋಹುವಿನ ಬಳಗದಲ್ಲಿಲ್ಲ, ಸಿಕ್ಲಿಡ್‌ಗಳಲ್ಲಿಲ್ಲ. ಚಿಕ್ಕ ಗುರುತು, ಆದರೆ ಒಂದೇ ನೋಟಕ್ಕೆ ಎಷ್ಟೋ ಕುಟುಂಬಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ.

ಮೀಸೆಗಳಿದ್ದರೆ ಎಷ್ಟು ಜೊತೆ, ಎಲ್ಲಿಂದ ಹೊರಟಿವೆ ಎಂದು ನೋಡಿ. ಗದ್ದದ ತುದಿಯಿಂದ ಎರಡು ಮೀಸೆ, ಮೇಲ್ಮುಖದ ದೊಡ್ಡ ಬಾಯಿ, ನಾಣ್ಯದಂತಹ ದೊಡ್ಡ ಹುರುಪೆ ಇದ್ದರೆ ಅರೊವಾನಾ. ಬೆನ್ನಿನ ಮತ್ತು ಹೊಟ್ಟೆಯ ಕಡೆಯ ಈಜುರೆಕ್ಕೆಗಳು ಉದ್ದಕ್ಕೆ ಬಾಲದವರೆಗೆ ಹರಿದಿದ್ದರೆ ದಕ್ಷಿಣ ಅಮೆರಿಕದ ಬೆಳ್ಳಿ ಅರೊವಾನಾ, ಬೆನ್ನಿನದು ಗಿಡ್ಡವಾಗಿದ್ದರೆ ಏಷ್ಯಾದ್ದು. ಮಾರುಕಟ್ಟೆಯಲ್ಲಿ ತೇಡೆಯನ್ನು (ಮರಾಠಿಯಲ್ಲಿ ಶಿಂಗಾಳಾ) ಕೈಯಲ್ಲಿ ಹಿಡಿದು ಮೀಸೆ ಎಣಿಸಲು ಹೊರಟರೆ ಎದೆಯ ಮತ್ತು ಬೆನ್ನಿನ ಮುಳ್ಳುಗಳ ಬಗ್ಗೆ ಜೋಪಾನ. ಸತ್ತ ಮೀನಿನ ಮುಳ್ಳು ಚುಚ್ಚಿದರೂ ಬಹಳ ನೋವು.

ಬಾಲದ ಆಕಾರ ಬಿಡಿಸಿಕೊಳ್ಳಿ: ಕವಲು, ಅರ್ಧಚಂದ್ರ, ದುಂಡು, ನೇರ ಅಂಚು. ಬಾಲದ ಬುಡದಲ್ಲಿ ಎರಡೂ ಬದಿ ಚೂಪಾದ ಕತ್ತಿಯಂತಹ ಮುಳ್ಳಿದ್ದರೆ ಅದು ಸರ್ಜನ್ ಮೀನಿನ ಕುಟುಂಬ. ಕಿವಿರು ಮುಚ್ಚಳದ ಕೆಳಗಿನ ಮೂಲೆಯಲ್ಲಿ, ಅಂದರೆ ಕೆನ್ನೆಯಲ್ಲಿ, ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳಿದ್ದರೆ ಸಮುದ್ರದ ಏಂಜಲ್ ಮೀನು. ಅದೇ ಚಪ್ಪಟೆ ಮೈ, ಅದೇ ಗಾಢ ಬಣ್ಣ, ಆದರೆ ಕೆನ್ನೆಯಲ್ಲಿ ಆ ಮುಳ್ಳಿಲ್ಲದಿದ್ದರೆ ಚಿಟ್ಟೆ ಮೀನು. ಹಾವಿನಂತಹ ಮೈ, ಎದೆಯ ಈಜುರೆಕ್ಕೆಯೇ ಇಲ್ಲ, ಸದಾ ಬಾಯಿ ತೆರೆದು ಮುಚ್ಚುತ್ತದೆ ಎಂದರೆ ಮೊರೇ. ಅದು ಬಾಯಿ ತೆರೆಯುವುದು ಉಸಿರಾಡಲು, ಹೆದರಿಸಲು ಅಲ್ಲ.

5. ಬಣ್ಣವನ್ನು ಕೊನೆಗೆ ನೋಡಿ

ಬಣ್ಣ ಬೇಡವೆಂದಲ್ಲ. ಆದರೆ ನೀಲಿ ದೀಪದ ಕೆಳಗೆ ಕೆಂಪು ಕಪ್ಪಾಗುತ್ತದೆ, ಬಿಳಿ ನೀಲಿಯಾಗುತ್ತದೆ. ಚಿತ್ರದಲ್ಲಿ ತೊಟ್ಟಿಯ ಬಿಳಿ ಮರಳೂ ಬರುವಂತೆ ನೋಡಿಕೊಳ್ಳಿ. ಮರಳು ನೀಲಿಯಾಗಿ ಕಂಡಿದ್ದರೆ ಮೀನಿನ ಬಣ್ಣವೂ ನಂಬಿಕೆಗೆ ಅರ್ಹವಲ್ಲ. ಬೆದರಿದಾಗ, ನಿದ್ದೆಯಲ್ಲಿ, ಮರಿ ಮಾಡುವ ಕಾಲದಲ್ಲಿ ಮೀನು ಬಣ್ಣ ಬದಲಿಸುತ್ತದೆ.

ವಯಸ್ಸಿನ ಬದಲಾವಣೆ ಇದಕ್ಕಿಂತ ದೊಡ್ಡದು. ಚಕ್ರವರ್ತಿ ಏಂಜಲ್, ಅಂದರೆ ಪೊಮಕ್ಯಾಂಥಸ್ ಇಂಪೆರೇಟರ್, ಬೆಳೆದಾಗ ನೀಲಿ ಹಳದಿ ಅಡ್ಡಗೆರೆಗಳಿಂದ ಮಿನುಗುತ್ತದೆ. ಅದರ ಮರಿ ಕಡುನೀಲಿ ಮೈಯ ಮೇಲೆ ಒಂದರೊಳಗೊಂದು ಬಿಳಿ ಬಳೆಗಳಿಟ್ಟಂತೆ ಇರುತ್ತದೆ. ಎರಡೂ ಬೇರೆ ಬೇರೆ ಪ್ರಭೇದಗಳೆಂದೇ ಹಿಂದೆ ವಿದ್ವಾಂಸರು ಹೆಸರಿಟ್ಟಿದ್ದರು. ಇದರ ನೆಂಟ ಪೊಮಕ್ಯಾಂಥಸ್ ಸೆಮಿಸರ್ಕ್ಯುಲೇಟಸ್‌ನ ಮರಿಯೂ ಕಡುನೀಲಿಯೇ. ಆದರೆ ಬಾಲದ ಹತ್ತಿರದ ಬಿಳಿ ಗೆರೆಗಳು ಪೂರ್ತಿ ಬಳೆಯಾಗದೆ ಕಮಾನಿನಂತೆ ಅರ್ಧಕ್ಕೆ ನಿಲ್ಲುತ್ತವೆ. ಇಂಥಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ವಿನ್ಯಾಸವನ್ನು: ಗೆರೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ, ಕಣ್ಣನ್ನು ಹಾಯುತ್ತದೆಯೇ, ಬಾಲಕ್ಕೂ ಹಬ್ಬಿದೆಯೇ.

ಇದೇ ಕ್ರಮದಲ್ಲಿ ಇನ್ನೊಂದು ಜೋಡಿ. ಬೆನ್ನಿನಿಂದ ಉದ್ದನೆಯ ಬಿಳಿ ಎಳೆಯೊಂದು ಬಾವುಟದಂತೆ ಹಿಂದಕ್ಕೆ ಹಾರುವ, ಕಪ್ಪು ಬಿಳಿ ಹಳದಿ ಪಟ್ಟೆಯ ಮೀನುಗಳು ಎರಡು ಬಗೆ. ಬಾಲದ ಈಜುರೆಕ್ಕೆ ಕಪ್ಪಾಗಿದ್ದು ಮೂತಿ ಕೊಳವೆಯಂತೆ ಮುಂದೆ ಚಾಚಿದ್ದರೆ ಮೂರಿಶ್ ಐಡಲ್, ಅಂದರೆ ಜ್ಯಾಂಕ್ಲಸ್ ಕಾರ್ನ್ಯೂಟಸ್. ಬಾಲ ಹಳದಿಯಾಗಿದ್ದರೆ ಹೆನಿಯೋಕಸ್ ಕುಲದ ಬಾವುಟ ಮೀನು. ನನಗೆ ಬರುವ ಮಸುಕು ಚಿತ್ರಗಳಲ್ಲಿ ಬಾಲವೇ ಕತ್ತರಿಸಿಹೋಗಿರುತ್ತದೆ. ದಯವಿಟ್ಟು ಬಾಲವನ್ನು ಚೌಕಟ್ಟಿನೊಳಗೆ ತನ್ನಿ.

6. ಮೊಬೈಲಿನ ಸಲಹೆ ಕೇಳಿ, ತೀರ್ಪು ಕೇಳಬೇಡಿ

ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್ ಎರಡೂ ಚಿತ್ರ ನೋಡಿ ಹೆಸರು ಸೂಚಿಸುತ್ತವೆ. ಹಿಂದಿನ ಹಂತಗಳನ್ನು ಮುಗಿಸಿದವರಿಗೆ ಇವು ಬಹಳ ನೆರವಾಗುತ್ತವೆ, ಮುಗಿಸದವರನ್ನು ದಾರಿ ತಪ್ಪಿಸುತ್ತವೆ. ಲೆನ್ಸ್ ಬಹುಪಾಲು ಬಣ್ಣ ಮತ್ತು ಹಿನ್ನೆಲೆಯ ಹೋಲಿಕೆಯಿಂದ ಮಾರಾಟದ ಜಾಲತಾಣಗಳಿಗೆ ಒಯ್ಯುತ್ತದೆ, ಅಲ್ಲಿರುವುದು ಮತ್ತದೇ ವ್ಯಾಪಾರದ ಹೆಸರುಗಳು. ಮೀನಿನ ಸುತ್ತಲಿನದನ್ನು ಕತ್ತರಿಸಿ ಹಾಕಿದರೆ ಫಲಿತಾಂಶ ಸುಧಾರಿಸುತ್ತದೆ.

ಐನ್ಯಾಚುರಲಿಸ್ಟ್‌ನಲ್ಲಿ ಎರಡು ಮಾತು ನೆನಪಿಡಿ. ಚಿತ್ರ ತೆಗೆದ ಜಾಗ ಮುಂಬಯಿ ಎಂದಿದ್ದರೆ ಅದು ಮುಂಬಯಿಯ ಸುತ್ತಮುತ್ತ ಸಿಗಬಹುದಾದ ಜೀವಿಗಳನ್ನೇ ಮುಂದಿಡುತ್ತದೆ. ಅಮೆಜಾನಿನ ಮೀನು ಪಟ್ಟಿಗೇ ಬರುವುದಿಲ್ಲ. ಹತ್ತಿರದಲ್ಲಿ ನಿರೀಕ್ಷಿಸದ ಪ್ರಭೇದಗಳನ್ನೂ ತೋರಿಸು ಎಂಬ ಆಯ್ಕೆಯನ್ನು ಒತ್ತಿ. ಎರಡನೆಯದಾಗಿ, ಅಕ್ವೇರಿಯಂನ ಮೀನನ್ನು ಅಲ್ಲಿ ದಾಖಲಿಸುವಾಗ 'ಸಾಕಿದ್ದು' ಎಂದು ಗುರುತು ಹಾಕುವುದು ಕಡ್ಡಾಯ. ಇಲ್ಲದಿದ್ದರೆ ದಕ್ಷಿಣ ಅಮೆರಿಕದ ಮೀನೊಂದು ಅರಬ್ಬೀ ತೀರದ ಕಾಡು ಜೀವಿಯಾಗಿ ದಾಖಲೆ ಸೇರಿ, ಆ ಮಾಹಿತಿ ಬಳಸುವ ಸಂಶೋಧಕರಿಗೆ ತೊಂದರೆಯಾಗುತ್ತದೆ.

7. ಫಿಶ್‌ಬೇಸ್‌ನಲ್ಲಿ ತಾಳೆ ನೋಡಿ

ಎರಡು ಮೂರು ಹೆಸರುಗಳು ಕೈಗೆ ಬಂದ ಮೇಲೆ ಫಿಶ್‌ಬೇಸ್ ಎಂಬ ಉಚಿತ ಜಾಲತಾಣಕ್ಕೆ ಹೋಗಿ. ಹೆಚ್ಚಿನ ಪ್ರಭೇದಗಳ ಪುಟದಲ್ಲಿ ಮುಳ್ಳು ಮತ್ತು ಮೃದು ಕಡ್ಡಿಗಳ ಸಂಖ್ಯೆ, ಗರಿಷ್ಠ ಉದ್ದ, ನೀರಿನ ಬಗೆ, ಹರಡಿರುವ ಪ್ರದೇಶ ಇರುತ್ತದೆ. ನಿಮ್ಮ ಪುಸ್ತಕದ ಟಿಪ್ಪಣಿಯನ್ನು ಒಂದೊಂದಾಗಿ ಹೋಲಿಸಿ. ಹೊಂದದ ಒಂದು ಗುರುತು ಹೊಂದುವ ನಾಲ್ಕಕ್ಕಿಂತ ಮುಖ್ಯ. ಗರಿಷ್ಠ ಉದ್ದ 15 ಸೆಂಟಿಮೀಟರ್ ಎಂದಿದ್ದು ನೀವು ಕಂಡದ್ದು ಮೊಳದುದ್ದವಾಗಿದ್ದರೆ ಆ ಹೆಸರನ್ನು ಹೊಡೆದುಹಾಕಿ. ದೇಶವಾರು ಪಟ್ಟಿಯಲ್ಲಿ ಭಾರತವನ್ನು ಆರಿಸಿ ಹುಡುಕುವುದು ಸಮುದ್ರ ತೀರದಲ್ಲಿ ಕಂಡ ಮೀನಿಗೆ ಸರಿ, ಅಕ್ವೇರಿಯಂಗೆ ಸಾಲದು.

ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲ, ಎರಡನೆಯದು ಪ್ರಭೇದ. ಅದರ ಮುಂದೆ ಮೊದಲು ವಿವರಿಸಿದವರ ಹೆಸರು, ವರ್ಷ. ಗೋವದ ಚಣಕ್, ರಾಯಗಡದ ಜಿತಾಡಾ ಎರಡೂ ಒಂದೇ ಮೀನು, ಲೇಟಿಸ್ ಕ್ಯಾಲ್ಕಾರಿಫರ್. ಅದರ ಮುಂದೆ ಬ್ಲಾಕ್ ಎಂಬ ಹೆಸರೂ 1790 ಎಂಬ ವರ್ಷವೂ ಕಂಸದಲ್ಲಿರುತ್ತವೆ. ಕಂಸವಿದ್ದರೆ ಆತ ಆ ಮೀನನ್ನು ಬೇರೆ ಕುಲದಲ್ಲಿ ಇಟ್ಟಿದ್ದ, ಆಮೇಲೆ ಬದಲಾಯಿತು ಎಂದರ್ಥ. ಕುಲ ಬದಲಾದ್ದರಿಂದ ಹಳೆಯ ಫಲಕಗಳಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ನಮ್ಮ ಪಶ್ಚಿಮ ಘಟ್ಟದ, 'ಮಿಸ್ ಕೇರಳ' ಎಂದು ಮಾರುವ ಕೆಂಪುಗೆರೆಯ ಚೆಲುವೆ ಪುಂಟಿಯಸ್ ಡೆನಿಸೋನಿ ಆಗಿತ್ತು. 2013ರಿಂದ ಸಹ್ಯಾದ್ರಿಯಾ ಡೆನಿಸೋನಿ. ಎರಡು ಹೆಸರು ಕಂಡು ಎರಡು ಮೀನೆಂದು ಭಾವಿಸಬೇಡಿ. ಫಿಶ್‌ಬೇಸ್‌ನಲ್ಲಿ ಹಳೆಯ ಹೆಸರು ಹಾಕಿದರೂ ಹೊಸ ಪುಟಕ್ಕೆ ಒಯ್ಯುತ್ತದೆ.

ಮನೆಯಲ್ಲಿ ಉಡುಪಿ, ಕುಂದಾಪುರ, ಕಾರವಾರದ ಕಡೆಯ ಹಿರಿಯರಿದ್ದರೆ ಅವರಿಗೂ ಚಿತ್ರ ತೋರಿಸಿ. ಕಡಲ ಮೀನನ್ನು ಕೈಯಾರೆ ಬಲೆಯಿಂದ ಬಿಡಿಸಿದವರ ಕಣ್ಣು ಕುಟುಂಬವನ್ನು ತಪ್ಪುವುದು ಅಪರೂಪ. ಅವರು ಕೊಡುವ ಹೆಸರು ಹಲವು ಪ್ರಭೇದಗಳಿಗೆ ಸೇರಿದ್ದಾಗಿರಬಹುದು, ಅಷ್ಟೆ. ಮುರು ಎಂದರೆ ಎಪಿನೆಫೆಲಸ್ ಕುಲದ ಬೇರೆ ಬೇರೆ ಮೀನುಗಳು ಅದರೊಳಗೆ ಬರುತ್ತವೆ, ಮರಾಠಿಯ ಹೇಕ್ರೂ ಕೂಡ ಹಾಗೆಯೇ. 'ಇದು ಮುರು' ಎಂದು ಅಜ್ಜ ಹೇಳಿದರೆ ಅಲ್ಲಿಂದ ಮುಂದಕ್ಕೆ ಚುಕ್ಕೆಗಳ ವಿನ್ಯಾಸ, ಬಾಲದ ಅಂಚು ನೋಡಿ ನೀವು ಹುಡುಕಬೇಕು.

8. ನಿಲ್ಲಬೇಕಾದಲ್ಲಿ ನಿಲ್ಲಿ

ಎಲ್ಲ ಚಿತ್ರಕ್ಕೂ ಪ್ರಭೇದದ ಹೆಸರು ಸಿಗುವುದಿಲ್ಲ. 'ಎಪಿನೆಫೆಲಸ್ ಕುಲದ್ದು, ಪ್ರಭೇದ ಖಚಿತವಿಲ್ಲ' ಎಂದು ಬರೆಯುವುದು ಪೂರ್ಣ ಉತ್ತರವೇ. ಊಹಿಸಿ ಬರೆದ ಪೂರ್ತಿ ಹೆಸರಿಗಿಂತ ಇದು ಮೇಲು.

ಕೆಲವು ಮೀನುಗಳಿಗೆ ಪ್ರಭೇದವೇ ಇಲ್ಲ. ಹಣೆ ಉಬ್ಬಿದ ಫ್ಲವರ್‌ಹಾರ್ನ್, ಬಾಯಿ ಪೂರ್ತಿ ಮುಚ್ಚಲಾಗದ ಕಿತ್ತಳೆ ಬಣ್ಣದ ಪ್ಯಾರಟ್ ಸಿಕ್ಲಿಡ್ ಎರಡೂ ಮನುಷ್ಯರು ಬೆರಕೆ ಮಾಡಿ ಪಡೆದವು. ಕಾಡಿನ ಯಾವ ನದಿಯಲ್ಲೂ ಇವುಗಳ ಮೂಲ ಸಿಗದು. ಫಿಶ್‌ಬೇಸ್‌ನಲ್ಲಿ ಎಷ್ಟು ಹುಡುಕಿದರೂ ಹೊಂದುವ ಪುಟ ಸಿಗದಿದ್ದರೆ ಈ ಸಾಧ್ಯತೆಯನ್ನು ನೆನೆಯಿರಿ.

9. ತಿಳಿದವರಿಗೆ ಬರೆಯುವುದಾದರೆ

ನಮ್ಮ ಭಾಗದಲ್ಲಿ ಮೀನಿನ ತಜ್ಞರಿಗೆ ಕೊರತೆಯಿಲ್ಲ. ವರ್ಸೋವಾದಲ್ಲಿ 1961ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಿದೆ. ಪುಣೆಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ, ಗೋವದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇವೆ. ಕಡಲ ಮೀನುಗಳಿಗೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಾಖೆಗಳು ಮುಂಬಯಿಯಲ್ಲೂ ಕಾರವಾರದಲ್ಲೂ ಇವೆ.

ಇವರಿಗೆ ಒಂದೇ ಚಿತ್ರ ಕಳಿಸಿ 'ಇದೇನು?' ಎಂದು ಕೇಳಬೇಡಿ. ಮೂರು ಚಿತ್ರಗಳು, ಫಲಕದ ಚಿತ್ರ, ಜಾಗ, ದಿನಾಂಕ, ಸಿಹಿನೀರೋ ಉಪ್ಪುನೀರೋ, ಅಂದಾಜು ಉದ್ದ, ಎಣಿಸಲಾಗಿದ್ದರೆ ಮುಳ್ಳುಗಳ ಸಂಖ್ಯೆ, ನೀವು ತಲುಪಿದ ಹೆಸರು, ಅದಕ್ಕೆ ಕಾರಣ, ಉಳಿದ ಅನುಮಾನ, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ಫಲಕವೇ ತಪ್ಪೆಂದು ಖಚಿತವಾದರೆ ಅದೇ ಟಿಪ್ಪಣಿಯನ್ನು ಪ್ರದರ್ಶನದ ವ್ಯವಸ್ಥಾಪಕರಿಗೂ ಸೌಜನ್ಯದಿಂದ ಕಳಿಸಿ. ಯಾವ ತೊಟ್ಟಿ, ಪ್ರವೇಶದ್ವಾರದಿಂದ ಎಷ್ಟನೆಯದು ಎಂಬುದನ್ನು ನಮೂದಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಯಾವ ಫಲಕ ಬದಲಿಸಬೇಕೆಂದು ಅವರಿಗೆ ತಿಳಿಯುವುದಿಲ್ಲ.